ಹರಾಜಿಗೆ ಹೋಗಿ ಚೌಕಾಸಿ ಮಾಡಿದ್ದು

ಮಾರಾಟವಾಗದೆ ಉಳಿದ ಸರಕನ್ನು ಏನು ಮಾಡಬೇಕೆಂದು ಹೊಸದಾಗಿ ಅಂಗಡಿ ಹಾಕಿದವರು ಆಗಾಗ ನನ್ನನ್ನು ಕೇಳುತ್ತಾರೆ. ಮೊದಲೆಲ್ಲ, ಕಾಯಿರಿ, ಇಲ್ಲವೇ ಅಸಲಿಗೆ ಕೊಟ್ಟು ಕೈ ತೊಳೆದುಕೊಳ್ಳಿ ಎನ್ನುತ್ತಿದ್ದೆ. ಈಗ ಮೂರನೆಯ ದಾರಿಯೂ ಒಂದಿದೆ ಎಂದು ಗೊತ್ತಾಗಿದೆ. ಅದನ್ನು ದಿನಾ ಬೆಳಿಗ್ಗೆ ಎತ್ತಿ ಇಳಿಸುವುದು. ಸರಕು ಕಬ್ಬಿಣದ್ದಾಗಿರಬೇಕು, ಅಷ್ಟೆ.

ಹಿಂದೂಪುರದಲ್ಲಿ ನನ್ನದು ಹುಣಸೆಹಣ್ಣಿನ ವ್ಯಾಪಾರ. ಮಾರ್ಕೆಟ್ ಯಾರ್ಡಿನ ಹರಾಜಿನಲ್ಲಿ ಕೊಳ್ಳುವುದು, ಗೋಡೌನಿನಲ್ಲಿ ಇಡುವುದು, ದರ ನೋಡಿ ಮಾರುವುದು. ಹರೆಯದಲ್ಲಿ ಇದೇ ಯಾರ್ಡಿನಲ್ಲಿ ಚೀಲ ಹೊರುತ್ತಿದ್ದವನು ನಾನು. ಬೆನ್ನಿನ ಮೇಲಿದ್ದ ಚೀಲ ಇಳಿದು ಮುಂದೆ ಗಲ್ಲಾಪೆಟ್ಟಿಗೆ ಬರುವಷ್ಟರಲ್ಲಿ ಅರ್ಧ ಆಯಸ್ಸು ಹೋಯಿತು. ಪೆಟ್ಟಿಗೆಯ ಹಿಂದೆಯೇ ಹೊಟ್ಟೆಯೂ ಬಂತು. ವ್ಯಾಪಾರವೆಲ್ಲ ಫೋನಿನಲ್ಲಿ ನಡೆಯತೊಡಗಿದ ಮೇಲಂತೂ ದಿನಕ್ಕೆ ನಾನು ಎತ್ತುತ್ತಿದ್ದ ದೊಡ್ಡ ಭಾರವೆಂದರೆ ಆ ಫೋನು.

ಹೀಗಿರುವಾಗ ನಮ್ಮ ಬೀದಿಯ ತುದಿಯಲ್ಲಿದ್ದ ಒಂದು ಜಿಮ್ಮು ಮುಚ್ಚಿತು. ಮಾಲೀಕ ಬೇರೆ ಊರಿಗೆ ಹೊರಟಿದ್ದ. ಊರು ಬಿಡುವವನ ಹತ್ತಿರ ವ್ಯಾಪಾರ ಮಾಡುವುದು ಸುಲಭ. ಅವನ ಒಂದು ಕಣ್ಣು ಬಸ್ಸಿನ ಮೇಲಿರುತ್ತದೆ. ಉದ್ದನೆಯ ರಾಡು, ಅದಕ್ಕೆ ಹಾಕುವ ದುಂಡನೆಯ ಪ್ಲೇಟುಗಳು, ಮಲಗಿ ಎತ್ತುವ ಬೆಂಚು, ರಾಡು ಇಡುವ ಎರಡು ಕಂಬದ ಸ್ಟ್ಯಾಂಡು, ಎಲ್ಲವನ್ನೂ ಗುಜರಿ ತೂಕದ ಲೆಕ್ಕದಲ್ಲಿ ತಂದೆ. ಯಾವುದಾದರೂ ಕಾಲೇಜಿಗೆ ಮಾರಿಬಿಡುವ ಯೋಚನೆ. ಗಾಡಿ ಮನೆ ಮುಂದೆ ನಿಂತಾಗ ನನ್ನ ಹೆಂಡತಿ ಹೊರಗೆ ಬಂದು ನೋಡಿದಳು.

"ಇದೇನ್ರೀ, ರೈಲ್ ಹಳಿ ಕಿತ್ಕೊಂಡು ಬಂದ್ಬುಟ್ರಾ?"

"ನಾಕು ದಿನ ಇರ್ತದೆ ಕಣೇ. ಕಾಲೇಜ್ನೋರು ಬಂದು ತಗೊಂಡು ಹೋಯ್ತಾರೆ."

"ಎಲ್ಲಿಕ್ತೀರ?"

"ಹಿಂದ್ಗಡೆ ಕೋಣೇಲಿ."

ಅಲ್ಲಿಗೆ ಅವಳ ಮುಖ ಸಣ್ಣದಾಯಿತು. ಗೋಡೌನಿಗೂ ಅಡುಗೆಮನೆಗೂ ನಡುವೆ ಇರುವ ಆ ಕೋಣೆಯ ಮೇಲೆ ಅವಳಿಗೆ ಮೊದಲಿನಿಂದ ಕಣ್ಣಿತ್ತು. ಅವಳು ಮಾಡುವ ಕಡ್ಲೆಬೀಜದ ಚಟ್ನಿಪುಡಿಗೆ ಪರಿಗಿಯಿಂದ ಬರುವ ನೆಂಟರೂ ಡಬ್ಬಿ ಹಿಡಿದುಕೊಂಡು ಬರುತ್ತಾರೆ. ಪುಡಿ ಮಾಡುವ ಒಂದು ಮೆಷಿನ್ನು ತಂದು ಆ ಕೋಣೆಯಲ್ಲಿ ಕೂರಿಸಿ, ಅಂಗಡಿಗಳಿಗೆ ಹಾಕಬೇಕೆಂಬುದು ಅವಳ ಆಸೆ. ನಾನು ಮೆಷಿನ್ನಿನ ಬದಲು ಕಬ್ಬಿಣ ತಂದು ತುಂಬಿದ್ದೆ.

ಕಾಲೇಜಿನವರು ಬಂದರು, ನೋಡಿದರು, ರಾಡು ಸ್ವಲ್ಪ ಬಗ್ಗಿದೆ ಎಂದು ಹೊರಟುಹೋದರು. ಇನ್ನೊಬ್ಬರು ಬಂದು ಕಾಫಿ ಕುಡಿದು ಹೋದರು. ಮೂರನೆಯವರು ಬರಲೇ ಇಲ್ಲ. ಒಂದು ಬೆಳಿಗ್ಗೆ ಕೋಣೆಯಲ್ಲಿ ದಾರಿ ಬಿಡಿಸೋಣವೆಂದು ನೆಲದ ಮೇಲಿದ್ದ ರಾಡನ್ನು ಬಗ್ಗಿ ಎತ್ತಿದೆ. ಸೊಂಟ, ತೊಡೆ, ಬೆನ್ನು ಮೂರೂ ಒಟ್ಟಿಗೆ ಎಚ್ಚರಗೊಂಡವು. ಎಷ್ಟೋ ವರ್ಷದ ಮೇಲೆ ಹಳೆಯ ಜತೆಗಾರ ಎದುರಿಗೆ ಸಿಕ್ಕಿ ಬೆನ್ನ ಮೇಲೆ ಒಂದು ಗುದ್ದು ಕೊಟ್ಟ ಹಾಗಾಯಿತು. ಇನ್ನೊಂದು ಸಲ ಎತ್ತಿದೆ. ಆಮೇಲೆ ಒಂದು ಪ್ಲೇಟು ಹಾಕಿ ಎತ್ತಿದೆ. ಮಾರನೆಯ ದಿನ ಗಿರಾಕಿ ಬಂದರೆ ಏನು ಹೇಳುವುದಪ್ಪಾ ಎಂಬ ಚಿಂತೆ ಶುರುವಾಯಿತು. ಕೊಡುವ ಮನಸ್ಸು ಹೋಗಿತ್ತು.

ಫೋನಿನಲ್ಲಿ ನೋಡಿ ನೋಡಿ ಮೂರು ಬಗೆಯನ್ನು ಕಲಿತೆ. ರಾಡನ್ನು ಹೆಗಲ ಹಿಂದೆ ಹೊತ್ತು ಕುಕ್ಕರುಗಾಲಿನಲ್ಲಿ ಕೂತು ಏಳುವುದು ಸ್ಕ್ವಾಟ್. ಬೆಂಚಿನ ಮೇಲೆ ಮಲಗಿ ಎದೆಗೆ ಇಳಿಸಿ ಮೇಲೆ ತಳ್ಳುವುದು ಬೆಂಚ್ ಪ್ರೆಸ್. ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು ಡೆಡ್‌ಲಿಫ್ಟ್. ಈ ಮೂರೂ ಸೇರಿದರೆ ಪವರ್‌ಲಿಫ್ಟಿಂಗ್. ಮೊಟ್ಟೆ ತಿನ್ನದೆ ಇದೆಲ್ಲ ಆಗದು ಎಂದವರಿಗೆ ಒಂದೇ ಉತ್ತರ ಕೊಟ್ಟೆ: ನಮ್ಮ ಮನೆಯ ಎತ್ತುಗಳು ಯಾವತ್ತೂ ಮೊಟ್ಟೆ ತಿಂದವಲ್ಲ. ಹುರುಳಿ ಸಾರು, ಮುದ್ದೆ, ನೆನೆಸಿದ ಕಡ್ಲೆಬೀಜ, ಹಾಲು, ಇಷ್ಟರಲ್ಲೇ ನನ್ನ ಕಬ್ಬಿಣ ಏರುತ್ತಾ ಹೋಯಿತು.

ಇಂಥದ್ದರಲ್ಲಿ ಕಲ್ಯಾಣದುರ್ಗದಿಂದ ನನ್ನ ಬಾಮೈದ ಫೋನು ಮಾಡಿದ. ಕಲ್ಯಾಣದುರ್ಗ ನನ್ನ ಹೆಂಡತಿಯ ತೌರು. ಅವಳ ತಮ್ಮ ಅಲ್ಲಿ ಕುರಿ ವ್ಯಾಪಾರದ ದಲ್ಲಾಳಿ; ಸೆಟ್ಟೂರು, ಬೆಳುಗುಪ್ಪದ ಕಡೆಯ ಕುರಿಯವರಿಗೂ ಕೊಳ್ಳುವವರಿಗೂ ನಡುವೆ ನಿಂತು ಮಾತು ಕುದುರಿಸುತ್ತಾನೆ.

"ಬಾವ, ನಮ್ಮೂರಾಗೆ ಕಬ್ಣ ಎತ್ತೋ ಪಂದ್ಯ ಐತಂತೆ. ಐವತ್ತು ದಾಟ್ದೋರ್ಗೆ ಬೇರೆನೇ ಐತಂತೆ. ಬಂದ್ಬುಡು."

ಹೆಂಡತಿಗೆ ಹೇಳಿದೆ. ಅವಳು ಕಡ್ಲೆಬೀಜ ಹುರಿಯುತ್ತಿದ್ದವಳು ಸೌಟು ಕೆಳಗಿಟ್ಟಳು. "ಹೋಗನ. ನಾನೂ ಬತ್ತೀನಿ, ನಮ್ಮಮ್ಮನ್ನ ನೋಡ್ದಂಗಾಯ್ತದೆ. ಆದ್ರೆ ಒಂದು ಮಾತು. ಮೂರೂ ಎತ್ತಿ ಒಟ್ಟು ಲೆಕ್ಕಕ್ಕೆ ಬಂದ್ರಾ, ಆ ಕಬ್ಣ ಅಲ್ಲೇ ಇರ್ಲಿ, ಮೆಷಿನ್ನಿನ ಸುದ್ದಿ ನಾನು ಎತ್ತಲ್ಲ. ಬರ್ಲಿಲ್ವಾ, ಕೋಣೆ ನಂದು. ಕಬ್ಣ ಗುಜ್ರಿಗೆ."

ಪಂದ್ಯದ ನಿಯಮ ಅವಳು ನನ್ನ ಫೋನಿನಿಂದಲೇ ತಿಳಿದಿದ್ದಳು. ಒಂದೊಂದು ಬಗೆಗೂ ಮೂರು ಅವಕಾಶ. ಮೂರರಲ್ಲಿ ಒಂದಾದರೂ ಸರಿಯಾಗಬೇಕು. ಯಾವುದಾದರೂ ಒಂದು ಬಗೆಯಲ್ಲಿ ಮೂರೂ ತಪ್ಪಿದರೆ ಉಳಿದದ್ದು ಏನು ಎತ್ತಿದರೂ ಒಟ್ಟು ಲೆಕ್ಕ ಸಿಗದು. ಒಂದಾದರೂ ಆಗದೆ ಹೋಗುತ್ತದೆಯೇ ಎಂದುಕೊಂಡು, ಆಗಲಿ ಎಂದುಬಿಟ್ಟೆ. ಓದುವವರು ಇದೊಂದನ್ನು ನೆನಪಿಡಿ: ಎದುರಿನವರು ಮಾತು ಮುಗಿಸುವ ಮೊದಲೇ "ಆಗಲಿ" ಎಂದು ಬಾಯಿಗೆ ಬಂದರೆ, ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬನ್ನಿ.

ಪಂದ್ಯ ನಡೆದದ್ದು ಕಲ್ಯಾಣದುರ್ಗದ ಒಂದು ಕಲ್ಯಾಣಮಂಟಪದಲ್ಲಿ. ಮೂವರು ರೆಫರಿಗಳಿಗೆ ಕುರ್ಚಿ ಸಾಲದೆ, ಮದುವೆಯ ಗಂಡು ಹೆಣ್ಣು ಕೂರುವ ಕೆಂಪು ಮಖಮಲ್ಲಿನ ಸಿಂಹಾಸನಗಳನ್ನೇ ಕೆಳಗಿಳಿಸಿ ಕೊಟ್ಟಿದ್ದರು. ಅವರ ಮುಂದೆ ದಪ್ಪ ಹಲಗೆಯ ಅಂಕಣ. ಹಿಂದೆ ಯಾವುದೋ ಮದುವೆಯ ಬಾಡಿದ ಚೆಂಡುಹೂವು ಇನ್ನೂ ನೇತಾಡುತ್ತಿತ್ತು. ಅಡುಗೆಯ ಕಡೆಯಿಂದ ಚಿತ್ರಾನ್ನದ ಒಗ್ಗರಣೆಯ ವಾಸನೆ. ಹೆಂಡತಿ ಮುಂದಿನ ಸಾಲಿನಲ್ಲಿ ಅವಳಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾಂಬೂಲಕ್ಕೆ ಕಾಯುವವರ ಹಾಗೆ ಕೂತಿದ್ದಳು.

ಮೊದಲು ನಮ್ಮ ತೂಕ ನೋಡಿದರು. ಬೇರೆಯವರ ತಕ್ಕಡಿಯನ್ನು ನಾನು ಸುಮ್ಮನೆ ನಂಬುವವನಲ್ಲ. ಸೊನ್ನೆ ತೋರಿಸಿ ಎಂದೆ. ತೋರಿಸಿದರು. ಹತ್ತಿರವಿದ್ದ ಐದು ಕಿಲೋ ಪ್ಲೇಟು ಇಟ್ಟು ನೋಡಿದೆ, ಸರಿಯಾಗಿಯೇ ಇತ್ತು. ಆಮೇಲೆ ನಿಂತೆ. ಬಂದ ಅಂಕಿ ನೋಡಿ, "ಚೀಲದ ತೂಕ ಕಳೀರಿ" ಎಂದೆ. ಯಾರ್ಡಿನಲ್ಲಿ ಹಣ್ಣು ತೂಗಿದರೆ ಗೋಣಿಯ ತೂಕ ಕಳೆಯಲೇಬೇಕು. ನನ್ನ ಮೈಮೇಲೆ ಬಟ್ಟೆ ಇತ್ತಲ್ಲ. ಪಕ್ಕದಲ್ಲಿದ್ದ ಹರೆಯದವರೆಲ್ಲ ನಕ್ಕರು. ತೂಗುವವರು ಮಾತ್ರ ನಗದೆ ಬರೆದುಕೊಂಡರು.

ಅಲ್ಲಿಂದ ಮೇಜಿನ ಹತ್ತಿರ. ಅಲ್ಲಿದ್ದಾಕೆ ಒಬ್ಬ ಪಿ.ಟಿ. ಟೀಚರು, ಕೊರಳಲ್ಲಿ ವಿಸಿಲ್ಲು. "ಸ್ಕ್ವಾಟ್ ಓಪೆನಿಂಗ್ ಎಂತ ಸಾರ್?" ಎಂದು ತೆಲುಗಿನಲ್ಲಿ ಕೇಳಿದರು. ಮೊದಲ ಸಲ ಎಷ್ಟು ಕಿಲೋ ಎತ್ತುತ್ತೀರಿ ಎಂದು.

ಇಲ್ಲಿ ನಾನು ಹಾಳಾದೆ. ಅಂಕಿ ಹೇಳಬೇಕು ಎಂದಕೂಡಲೇ ನನ್ನ ಕೈ ತಾನಾಗಿ ಹೆಗಲ ಟವಲಿಗೆ ಹೋಯಿತು. ಕುರಿ ಸಂತೆಯಲ್ಲಿ, ದನದ ಸಂತೆಯಲ್ಲಿ ದರವನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಟವಲು ಮುಚ್ಚಿ, ಅದರ ಅಡಿಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿಯುತ್ತಾರೆ. ಬಾಮೈದನೂ ನಾನೂ ಹಾಗೇ ಹಿಡಿದೆವು. ನನ್ನ ಕೋಣೆಯಲ್ಲಿ ನಾನು ನೂರಿಪ್ಪತ್ತು ಕಿಲೋ ಹೊತ್ತು ಕೂತು ಎದ್ದವನು. ನೂರಹತ್ತಕ್ಕೆ ಮುಗಿಸಿದರೆ ಸಾಕು ಎಂದು ಮನಸ್ಸಿನಲ್ಲಿತ್ತು. ಆದರೆ ಮನಸ್ಸಿನಲ್ಲಿರುವ ದರವನ್ನು ಮೊದಲ ಮಾತಿಗೇ ಹೇಳುವವನು ವ್ಯಾಪಾರಿಯೇ? ಬಾಮೈದ ನನ್ನ ಬೆರಳುಗಳನ್ನು ಒಂದು ಸುತ್ತು ಹಿಡಿದು, ಇನ್ನೂ ಎರಡು ಬೆರಳು ಜಾಸ್ತಿ ಒತ್ತಿ, ಕಿವಿಯಲ್ಲಿ ಹೇಳಿದ.

"ಮ್ಯಾಲೆ ಹೇಳು ಬಾವ. ಆಮೇಕೆ ಇಳಿಯನ."

"ಟವಲ್ ಕಿಂದ ಏಂ ಬೇರಂ ಸಾರ್?" ಎಂದರು ಟೀಚರು. ಟವಲಿನ ಕೆಳಗೆ ಏನು ವ್ಯಾಪಾರ ಎಂದು.

"ನೂರ ಮೂವತ್ತು ಬರ್ಕೊಳಿ ಮೇಡಂ," ಎಂದೆ, ಎದೆ ಸೆಟೆಸಿ.

ಅವರು ಒಮ್ಮೆ ನನ್ನ ಹೊಟ್ಟೆ ನೋಡಿ, ಬರೆದುಕೊಂಡರು.

ಇನ್ನು ಕೂರುವ ಆಳದ ವಿಚಾರ. ಸ್ಕ್ವಾಟಿನಲ್ಲಿ ಸೊಂಟದ ಕೀಲು ಮೊಣಕಾಲಿಗಿಂತ ಕೆಳಗೆ ಹೋಗಬೇಕು. ಹೋಗದಿದ್ದರೆ ರೆಫರಿಗಳು ಕೆಂಪು ದೀಪ ಹಾಕುತ್ತಾರೆ, ಹೋದರೆ ಬಿಳಿ. ಮೂರರಲ್ಲಿ ಎರಡು ಬಿಳಿಯಾದರೆ ಪಾಸು. ಇದನ್ನು ಅಳೆಯಲು ಮನೆಯಲ್ಲಿ ನನ್ನದೇ ಒಂದು ಉಪಾಯವಿತ್ತು. ಹಿಂದೆ ಎರಡು ಹುಣಸೆಚೀಲ ಒಂದರ ಮೇಲೊಂದು ಮಲಗಿಸಿ, ಕೂತಾಗ ಚೀಲ ತಾಗಿದರೆ ಸಾಕು, ಎದ್ದುಬಿಡುತ್ತಿದ್ದೆ. ಎರಡು ಚೀಲದ ಎತ್ತರ ಎಷ್ಟು, ನನ್ನ ಮೊಣಕಾಲಿನ ಎತ್ತರ ಎಷ್ಟು ಎಂದು ಅಳೆದಿರಲಿಲ್ಲ. ಊರಿನವರ ತಕ್ಕಡಿಯನ್ನೆಲ್ಲ ಪರೀಕ್ಷೆ ಮಾಡುವವನು ನನ್ನ ಚೀಲವನ್ನು ಪರೀಕ್ಷೆ ಮಾಡಲಿಲ್ಲ.

ನನ್ನ ಸರದಿ ಬಂತು. ಹೊತ್ತೆ. ಕೂತೆ. ಚೀಲ ಇದ್ದರೆ ತಾಗುತ್ತಿತ್ತು ಅನ್ನುವಷ್ಟಕ್ಕೆ ಎದ್ದೆ. ಕಷ್ಟವಾಯಿತು, ಆದರೆ ಎದ್ದೆ. ಕೈ ಮುಗಿಯೋಣ ಎಂದು ಜನರ ಕಡೆ ತಿರುಗಿದರೆ ಮೂರೂ ದೀಪ ಕೆಂಪು.

"ಏನ್ಲಾ ಇದು? ಎತ್ತಿದ್ನಲ್ಲ!"

"ಕೂತ್ಕಬೇಕಂತೆ ಬಾವ. ನೀನು ಕೂತ್ಕಂಡಿಲ್ವಂತೆ."

"ಮತ್ತೇನು ನಿಂತಿದ್ನಾ?"

ಪರವಾಗಿಲ್ಲ, ತೂಕ ಇಳಿಸಿಕೊಂಡರೆ ಆಳಕ್ಕೆ ಹೋಗಬಹುದು ಎಂದು ಮೇಜಿಗೆ ಹೋದೆ. "ಮೇಡಂ, ನೂರಹತ್ತು ಮಾಡಿ."

"ತಗ್ಗಿಂಚಡಾನಿಕಿ ಲೇದು ಸಾರ್," ಎಂದರು. ಇಳಿಸುವ ಹಾಗಿಲ್ಲ. ನನ್ನ ಮುಖ ನೋಡಿ ಕನ್ನಡಕ್ಕೆ ತಿರುಗಿದರು. "ಒಂದ್ಸಲ ಹೇಳಿದ್ಮೇಲೆ ಅಷ್ಟೇ ಎತ್ತಬೇಕು, ಇಲ್ಲ ಜಾಸ್ತಿ ಮಾಡ್ಕೋಬೇಕು. ಇಳ್ಸೋದು ಇಲ್ಲ."

"ನೂರಿಪ್ಪತ್ತು?"

"ಇಲ್ಲ ಸಾರ್."

"ಹೋಗ್ಲಿ, ನಿಮ್ಮಾತೂ ಬೇಡ ನನ್ಮಾತೂ ಬೇಡ, ನೂರಿಪ್ಪತ್ತೈದು."

"ಸಾರ್, ಇದು ತರಕಾರಿ ಅಂಗ್ಡಿ ಅಲ್ಲ."

"ತರಕಾರಿ ಅಲ್ಲ ಮೇಡಂ, ಹುಣಸೆಹಣ್ಣು. ನಿಮ್ಗೂ ಒಂದು ಬುಟ್ಟಿ ಕಳಿಸ್ತೀನಿ, ಹೊಸ ಹಣ್ಣು..."

ವಿಸಿಲ್ಲಿಗೆ ಕೈ ಹೋಯಿತು. ನಾನು ವಾಪಸು ಬಂದೆ. ಎರಡನೆಯ ಸಲ ಅದೇ ತೂಕಕ್ಕೆ ಮೊದಲಿಗಿಂತ ನಾಲ್ಕು ಬೆರಳು ಕೆಳಗೆ ಹೋಗಿ ಎದ್ದೆ. ಕಣ್ಣಲ್ಲಿ ನಕ್ಷತ್ರ ಬಂತು. ಎರಡು ಕೆಂಪು, ಒಂದು ಬಿಳಿ. ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಯಿತು. ಮೂವರಲ್ಲಿ ಒಬ್ಬ ಒಪ್ಪಿದ ಎಂದರೆ ಮಾತು ಕುದುರುತ್ತಿದೆ ಎಂದೇ ಅರ್ಥ. ತೂಕದಲ್ಲಿ ಬಿಡಲಿಲ್ಲ, ಆಳದಲ್ಲಿ ನಾನು ಸ್ವಲ್ಪ ಇಳಿದೆ, ಅವರು ಸ್ವಲ್ಪ ಬಂದರು. ಇನ್ನೂ ನಾಲ್ಕು ಬೆರಳು ಇಳಿದರೆ ಎರಡನೆಯವನೂ ಬರುತ್ತಾನೆ.

ಮೂರನೆಯ ಸಲ ಇಳಿದೆ. ಸರಿಯಾಗಿಯೇ ಇಳಿದೆ, ನಿಯಮ ಕೇಳಿದ್ದಕ್ಕಿಂತ ಒಂದು ಬೆರಳು ಜಾಸ್ತಿಯೇ. ಅಲ್ಲಿ ಆ ಕೆಳಗೆ ನನ್ನ ತೊಡೆಗಳಿಗೆ ಗುರುತಿಲ್ಲದ ಊರು. ಏಳು ಎಂದರೆ ಯಾವ ದಾರಿಯಲ್ಲಿ ಏಳಬೇಕೆಂದು ಅವಕ್ಕೆ ಗೊತ್ತಿರಲಿಲ್ಲ. "ಲೇ ಪೆದ್ದಾಯನಾ!" ಎಂದು ಹಿಂದಿನ ಸಾಲಿನವರು ಕೂಗಿದರು, ತೆಲುಗಿನಲ್ಲಿ ಅದು, ಏಳು ಹಿರಿಯಣ್ಣಾ ಎಂದು. ಎಷ್ಟು ಕೂಗಿದರೂ ಪೆದ್ದಾಯನ ಕೂತೇ ಇದ್ದ. ಇಬ್ಬರು ಬಂದು ಎರಡೂ ಕಡೆ ರಾಡು ಹಿಡಿದು ಮೇಲೆತ್ತಿದರು. ಅವರ ಜತೆ ನಾನೂ ಎದ್ದೆ.

ಅಲ್ಲಿಗೆ ಒಟ್ಟು ಲೆಕ್ಕ ಹೋಯಿತು. ಕೋಣೆ ಹೋಯಿತು, ಕಬ್ಬಿಣವೂ ಹೋಯಿತು. ಹೆಂಡತಿಯ ಕಡೆ ನೋಡಲಾಗದೆ ಬೆಲ್ಟು ಬಿಚ್ಚುತ್ತಾ ಮೂಲೆಯಲ್ಲಿ ಕೂತೆ. ವ್ಯಾಪಾರದಲ್ಲಿ ಎಷ್ಟೋ ಸಲ ಸೋತಿದ್ದೇನೆ, ಹಣ್ಣು ಬೂಷ್ಟು ಹಿಡಿದು ಎಸೆದದ್ದೂ ಉಂಟು. ಆಗೆಲ್ಲ ಆಗದ ಸಂಕಟ ಈಗ ಆಯಿತು. ಚೀಲ ಹೊತ್ತು ಮೇಲೆ ಬಂದ ಮನುಷ್ಯ ನಾನು ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದವನಿಗೆ, ಆ ಚೀಲ ಹೊತ್ತ ಮೈ ಬೆಳಿಗ್ಗೆ ಬೆಳಿಗ್ಗೆ ಆ ಕೋಣೆಯಲ್ಲಿ ಮಾತ್ರ ಸಿಗುತ್ತಿತ್ತು. ಇನ್ನು ಸಿಗುವುದಿಲ್ಲ.

ಬಾಮೈದ ಬಂದು, "ಹೊಂಡನಾ ಬಾವ?" ಎಂದ. ಅಷ್ಟರಲ್ಲಿ ಹೆಂಡತಿಯೇ ಎದ್ದು ಬಂದಳು.

"ಎಲ್ಲಿಗೆ ಹೊಂಡೋದು? ಇನ್ನೂ ಎರಡು ಐತಲ್ಲ."

"ಲೆಕ್ಕಕ್ಕೆ ಬರಲ್ಲ ಕಣೇ."

"ಲೆಕ್ಕಕ್ಕೆ ಬರ್ದಿದ್ರೇನು, ನಮ್ಮಮ್ಮ ಬೆಳಗ್ನಿಂದ ಕೂತವ್ಳೆ. ಅಳಿಯಂದ್ರು ಕೂತೋರು ಏಳ್ಲಿಲ್ಲ ಅಂತ ಊರೆಲ್ಲ ಹೇಳ್ಕೊಂಡು ಬತ್ತಾಳೆ. ಏನಾರ ಒಂದು ಎತ್ತಿ ತೋರ್ಸಿ."

ಬೆಂಚ್ ಪ್ರೆಸ್ಸಿಗೆ ಮೊದಲು ಒಂದು ಸಣ್ಣ ತಾಪತ್ರಯ. ರಾಡು ಎದೆಗೆ ತಾಗಬೇಕು. ನನ್ನ ಎದೆಯ ಮೇಲೆ ಲಿಂಗದ ಕರಡಿಗೆ ಇದೆ. ತೆಗೆದಿಟ್ಟು ಬನ್ನಿ ಎಂದ ಒಬ್ಬ ರೆಫರಿ. ತೆಗೆದಿಡುವ ವಸ್ತುವಲ್ಲ ಅದು. ನಮ್ಮತ್ತೆ ಕೂತಲ್ಲಿಂದಲೇ "ತೋಳ್ಗೆ ಕಟ್ಕೊಳ್ಳಪ್ಪ, ತೋಳೂ ಜಾಗವೇ" ಎಂದರು. ಶಿವದಾರವನ್ನು ತೋಳಿಗೆ ಸುತ್ತಿಕೊಂಡು, ಒಮ್ಮೆ ಕಣ್ಣಿಗೊತ್ತಿಕೊಂಡು ಮಲಗಿದೆ. ಈ ಸಲ ತೂಕವನ್ನು ನೆಲಕ್ಕೆ ಹತ್ತಿರ ಹೇಳಿದ್ದೆ. ಮೂರಕ್ಕೆ ಮೂರೂ ಬಿಳಿ ಬಂತು. ಬಾಮೈದ ಮಾತ್ರ ಇಷ್ಟು ಕಡಿಮೆ ಹೇಳಿದ್ದಕ್ಕೆ ದಲ್ಲಾಳಿಗಳ ಮಾನ ಹೋಯಿತು ಎಂದು ಗೊಣಗಿದ.

ಡೆಡ್‌ಲಿಫ್ಟಿಗೆ ಸರದಿ ಕಾಯುತ್ತಾ ನಿಂತಿದ್ದಾಗ ಮೈಕಿನಲ್ಲಿ ಒಬ್ಬರ ಹಿಂದೆ ಒಬ್ಬರ ಅಂಕಿ ಕೂಗುತ್ತಿದ್ದರು. ನೂರಾ ನಲವತ್ತು, ನೂರಾ ಐವತ್ತು, ನೂರಾ ಅರವತ್ತು... ಆ ಕೂಗನ್ನು ನಾನು ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿತು. ಎಲ್ಲೋ ಏನು, ವಾರ ವಾರ ಕೇಳುತ್ತೇನೆ. ಹುಣಸೆಹಣ್ಣಿನ ರಾಶಿಯ ಮುಂದೆ ಯಾರ್ಡಿನವನು ಕೂಗುವುದು ಹೀಗೆಯೇ. ಅಲ್ಲಿ ಕೂಗಿದ ದರ ಏರುತ್ತದೆ, ಇಳಿಯುವುದಿಲ್ಲ. ಅಲ್ಲಿ ನಾನು ಯಾವತ್ತಾದರೂ ಬಾಯಿಬಿಟ್ಟು ದೊಡ್ಡ ಅಂಕಿಯಿಂದ ಶುರು ಮಾಡಿದ್ದೇನೆಯೇ? ಎಲ್ಲರಿಗಿಂತ ಕೆಳಗೆ ಹಿಡಿದು, ಸೊಲ್ಲು ಸೊಲ್ಲಾಗಿ ಏರಿಸಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತೇನೆ. ಇದು ಕುರಿ ಸಂತೆಯಲ್ಲವೇ ಅಲ್ಲ. ಹರಾಜಿಗೆ ಬಂದು ಚೌಕಾಸಿ ಮಾಡಿದ್ದೆ ನಾನು.

"ಟವಲ್ ಒಳಗಿಡು ಕಣ್ಲಾ," ಎಂದೆ ಬಾಮೈದನಿಗೆ.

ಮೊದಲು ನೂರು ಎಂದೆ. ಅಷ್ಟೇನಾ ಎಂದರು ಟೀಚರು. ಅಷ್ಟೇ ಎಂದೆ. ಕಡ್ಡಿ ಎತ್ತಿದ ಹಾಗೆ ಬಂತು. ಆಮೇಲೆ ನೂರಾ ನಲವತ್ತು, ಅದೂ ಬಂತು. ಡೆಡ್‌ಲಿಫ್ಟ್ ನನಗೆ ಹೊಸದಲ್ಲ. ನೆಲದಲ್ಲಿ ಬಿದ್ದಿರುವುದನ್ನು ಎತ್ತಿಯೇ ನಾನು ಉಂಡವನು. ಮೂರನೆಯದಕ್ಕೆ ನೂರೈವತ್ತು ಎನ್ನೋಣವೆಂದು ಬಾಯಿ ತೆಗೆದಾಗ ಮುಂದಿನ ಸಾಲಿನಿಂದ ಹೆಂಡತಿಯ ದನಿ.

"ಅಷ್ಟೇನಾ? ಮದ್ವೆ ಆದ್ವರ್ಷ ನಮ್ಮಪ್ಪನ ಗಾಡಿ ಕೆಸ್ರಲ್ಲಿ ಹೂತ್ಕಂಡಾಗ ಕಡ್ಲೆಕಾಯಿ ಮೂಟೆ ಸಮೇತ ಹಿಂದ್ಗಡೆ ಎತ್ತಿ ನಿಲ್ಸಿದ್ರಲ್ಲ. ಆವಾಗ ಯಾರ್ನ ಕೇಳಿದ್ರಿ?"

ಅದು ಅವಳಿಗೆ ನೆನಪಿದೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ಆಡಿದವಳಲ್ಲ. ನೂರ ಎಪ್ಪತ್ತು ಬರೆದುಕೊಳ್ಳಿ ಮೇಡಂ ಎಂದೆ. ಟೀಚರು ಒಮ್ಮೆ ಹೆಂಡತಿಯನ್ನು ನೋಡಿ, ಒಮ್ಮೆ ನನ್ನನ್ನು ನೋಡಿ ಬರೆದುಕೊಂಡರು.

ರಾಡು ಹಿಡಿದೆ. ಮೊದಲು ಅದು ಕೇಳಲೇ ಇಲ್ಲ. ನೆಲಕ್ಕೆ ಬೇರು ಬಿಟ್ಟ ಹಾಗೆ ಕೂತಿತ್ತು. ಬಿಡಬೇಕು ಎನ್ನುವಷ್ಟರಲ್ಲಿ ಒಂದು ಕೂದಲಿನಷ್ಟು ಎದ್ದಿತು. ಎದ್ದದ್ದನ್ನು ಮತ್ತೆ ಇಳಿಸುವುದು ನನ್ನ ಜಾಯಮಾನದಲ್ಲಿಲ್ಲ. ಮೊಣಕಾಲು ದಾಟಿತು, ತೊಡೆಗೆ ಬಂತು, ನೆಟ್ಟಗೆ ನಿಂತೆ. ಮೂರೂ ದೀಪ ಬಿಳಿ. ಆ ಬಿಳಿ ದೀಪಗಳ ಹಿಂದೆ ಬಾಡಿದ ಚೆಂಡುಹೂವು ಕೂಡ ಚೆನ್ನಾಗಿಯೇ ಕಂಡಿತು.

ಮೆಡಲು ಬರಲಿಲ್ಲ. ಒಟ್ಟು ಲೆಕ್ಕವಿಲ್ಲದವನಿಗೆ ಏನು ಮೆಡಲು? ಚಿತ್ರಾನ್ನ ಮಾತ್ರ ಎರಡು ಸಲ ಬಡಿಸಿದರು.

ಮಾರನೆಯ ಬೆಳಿಗ್ಗೆ ಅತ್ತೆಯ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆವು. ತೊಡೆಗಳು ಮಾತ್ರ ಇನ್ನೂ ಕಲ್ಯಾಣಮಂಟಪದಲ್ಲೇ ಇದ್ದವು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಗುಜರಿಯವನ ವಿಚಾರ ಹೆಂಡತಿ ಎತ್ತುವ ಮೊದಲು ನಾನೇ ಏನಾದರೂ ಮಾಡಬೇಕಿತ್ತು. ಆದರೆ ಅವಳ ಅಮ್ಮನ ಮುಂದೆ, ತಮ್ಮನ ಮುಂದೆ ಗಂಡಹೆಂಡಿರು ಚೌಕಾಸಿ ಮಾಡುವುದು ಮರ್ಯಾದೆಯಲ್ಲ. ನಾನು ಗಂಟಲು ಸರಿಮಾಡಿಕೊಳ್ಳುತ್ತಿರುವಾಗ ಅವಳೇ ಪಕ್ಕಕ್ಕೆ ಸರಿದು, ನನ್ನ ಹೆಗಲ ಟವಲು ಎಳೆದು ನಮ್ಮಿಬ್ಬರ ಕೈಯ ಮೇಲೆ ಹಾಸಿದಳು. ದಲ್ಲಾಳಿಗಳ ಮನೆಯ ಹೆಣ್ಣು. ಬೆರಳಿನ ಭಾಷೆ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

"ಎಷ್ಟು ತಿಂಗ್ಳು?" ಎಂದಳು, ಕಾಫಿ ಲೋಟ ನೋಡುತ್ತಾ.

ತಿಂಗಳು ಕೇಳುತ್ತಿದ್ದಾಳೆ ಎಂದರೆ ಇನ್ನೊಂದು ಪಂದ್ಯಕ್ಕೆ ಗಡುವು ಕೊಡುತ್ತಿದ್ದಾಳೆ, ಗುಜರಿಯವನು ಸದ್ಯಕ್ಕೆ ಬರುವುದಿಲ್ಲ. ಕೂಡಲೇ ಅವಳ ಪೂರ್ತಿ ಹಸ್ತವನ್ನು ಎರಡು ಸಲ ಹಿಡಿದು, ಮೇಲೆ ಎರಡು ಬೆರಳು ಸೇರಿಸಿದೆ. ಒಂದು ವರ್ಷ. ಅವಳು ನನ್ನ ಹಸ್ತವನ್ನು ಒಂದು ಸಲ ಹಿಡಿದು, ಒಂದು ಬೆರಳು ಒತ್ತಿ ಬಿಟ್ಟಳು. ಆರು.

ನಾನು ಇನ್ನೆರಡು ಬೆರಳಿಗಾಗಿ ಕೈ ಚಾಚಿದೆ.

"ಕೋಣೆ ನಂದು," ಎಂದಳು ಮೆಲ್ಲಗೆ. "ಕಬ್ಣ ಹಿತ್ತಲ್ಗೆ. ಮ್ಯಾಲೆ ತಗಡು ಹಾಕ್ಸಿ."

"ಕೋಣೇಲಿ ಅರ್ಧ..."

"ಮೆಷಿನ್ನ ಗಾಡಿಯಿಂದ ನೀವೇ ಇಳಿಸ್ಬೇಕು."

"ಅಲ್ಲ ಕಣೇ, ಎಂಟು ತಿಂಗ್ಳಾದ್ರೂ..."

"ಬೀಜದ್ ಮೂಟೆನೂ ನೀವೇ ತಂದಿಕ್ಬೇಕು. ನಿಮ್ಮ ಪಂದ್ಯದಾಗೆ ಆ ಟೀಚರಮ್ಮ ಏನಂದ್ಳು? ಒಂದ್ಸಲ ಹೇಳಿದ್ಮೇಲೆ ಇಳಿಸಂಗಿಲ್ಲ, ಏರಿಸ್ಬೋದು. ಏರಿಸ್ಲಾ ಇನ್ನೂ?"

ಟವಲಿನ ಕೆಳಗಿಂದ ಕೈ ಎಳೆದುಕೊಂಡು ಆಗಲಿ ಎಂದೆ. ಆಚೆ ಕೂತಿದ್ದ ಬಾಮೈದ, "ಎಷ್ಟಕ್ಕೆ ಕುದುರ್ತಕ್ಕ?" ಎಂದು ಕೇಳಿದ. "ನಿಂಗ್ಯಾಕ್ಲಾ, ದಲ್ಲಾಳಿ ಇಲ್ದೆ ಆಗಿದ್ದು," ಎಂದಳು.

ಈಗ ಕಬ್ಬಿಣ ಹಿತ್ತಲಲ್ಲಿದೆ. ಕೋಣೆಯಲ್ಲಿ ಮೆಷಿನ್ನು ಕೂತಿದೆ. ಅದನ್ನು ಗಾಡಿಯಿಂದ ನಾನೇ ಇಳಿಸಿದೆ, ಬೆನ್ನು ನೆಟ್ಟಗಿಟ್ಟು, ಕಾಲಿನ ಬಲದಲ್ಲಿ. ಆರು ತಿಂಗಳ ಮೇಲೆ ಎಲ್ಲಿ ಪಂದ್ಯವಾದರೂ ಹೋಗುವುದು, ಮೂರೂ ಎತ್ತಿ ಒಟ್ಟು ಲೆಕ್ಕ ತರುವುದು, ತರದಿದ್ದರೆ ಗುಜರಿ. ಅದಕ್ಕೆ ನಾನು ಮಾಡಿಕೊಂಡಿರುವ ಯೋಜನೆಯನ್ನು ನನ್ನ ಹಾಗೆ ತಡವಾಗಿ ಕಬ್ಬಿಣ ಹಿಡಿದವರಿಗೂ ಹೇಳಿಬಿಡುತ್ತೇನೆ. ಪಂದ್ಯದಲ್ಲಿ ಮೊದಲು ಕೂಗುವ ತೂಕ ಜ್ವರ ಬಂದ ದಿನ, ರಾತ್ರಿ ನಿದ್ದೆಗೆಟ್ಟ ದಿನ, ಹೆಂಡತಿ ಮಾತು ಬಿಟ್ಟ ದಿನವೂ ಎತ್ತಬಲ್ಲ ತೂಕವಾಗಿರಬೇಕು. ಏರಿಸುವುದಕ್ಕೆ ಆಮೇಲೆ ಎರಡು ಅವಕಾಶ ಇದ್ದೇ ಇದೆ. ಡೆಡ್‌ಲಿಫ್ಟನ್ನು ವಾರಕ್ಕೊಮ್ಮೆ ಮಾತಾಡಿಸಿದರೆ ಸಾಕು, ಅದು ಮನೆಯ ಮಗು. ಹೆಚ್ಚು ಹೊತ್ತು ಕೊಡಬೇಕಾದದ್ದು ಮುನಿಸಿಕೊಂಡಿರುವ ಸ್ಕ್ವಾಟಿಗೆ. ಪ್ಲೇಟುಗಳಲ್ಲೆಲ್ಲ ಚಿಕ್ಕದು ಯಾವುದೋ ಅದನ್ನೇ ಪ್ರೀತಿಸಿ. ದೊಡ್ಡದು ಹಾಕಿದರೆ ನೋಡುವವರಿಗೆ ಖುಷಿ, ಚಿಕ್ಕದು ಹಾಕಿದರೆ ಮೊಣಕಾಲಿಗೆ. ಕೊನೆಯದಾಗಿ, ನಿಮ್ಮ ಆಳವನ್ನು ನೀವೇ ಅಳೆಯಬೇಡಿ. ನನ್ನ ಸರಕಿನ ತೂಕ ನಾನೇ ನೋಡುವುದನ್ನು ಯಾರ್ಡಿನಲ್ಲಿ ಯಾರಾದರೂ ಒಪ್ಪುತ್ತಾರೆಯೇ?

ಹಿತ್ತಲಲ್ಲಿ ಎರಡು ಚೀಲದ ಜಾಗದಲ್ಲಿ ಈಗ ಒಂದೇ ಚೀಲ ಮಲಗಿದೆ. ರಾಡಿಗೆ ಪ್ಲೇಟೇ ಇಲ್ಲ, ಬರಿಯ ರಾಡು. ಹೆಂಡತಿ ಬೆಳಿಗ್ಗೆ ಕೋಣೆಯ ಹೊಸ್ತಿಲ ಮೇಲೆ ಮೊರ ಇಟ್ಟುಕೊಂಡು ಹುರಿದ ಬೀಜದ ಸಿಪ್ಪೆ ಹಾರಿಸುತ್ತಾಳೆ. ಅಲ್ಲಿ ಕೂತರೆ ಅವಳ ಕಣ್ಣು ಸರಿಯಾಗಿ ನನ್ನ ಮೊಣಕಾಲಿನ ಎತ್ತರಕ್ಕೆ ಬರುತ್ತದೆ.

"ಇಲ್ಲ," ಎಂದಳು ಇವತ್ತು, ಮೊರದಿಂದ ತಲೆ ಎತ್ತದೆಯೇ.

"ಹೋಯ್ತು ಕಣೇ, ಚೀಲ ತಾಗ್ತು."

"ಪಂಚೆ ತಾಗ್ತು."

"ಒಂದು ಕೂದ್ಲು ಕಮ್ಮಿ ಇದ್ದಿರ್ಬೋದು. ಒಪ್ಕೋ."

"ಒಪ್ಪಲ್ಲ," ಎಂದು ಮೊರ ಕೊಡವಿದಳು. ಸಿಪ್ಪೆಯೆಲ್ಲ ಹಾರಿ ನನ್ನ ಕಾಲ ಮೇಲೆ ಬಿತ್ತು. ನಾನು ಉಸಿರು ಎಳೆದುಕೊಂಡು, ರಾಡನ್ನು ಹೆಗಲ ಮೇಲೆ ಸರಿಮಾಡಿ, ಮತ್ತೆ ಇಳಿಯತೊಡಗಿದೆ.